ರಜೆಯ ದಿನ ಬಾರದ ಹೊಟ್ಟೆನೋವು
(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಒಂಬತ್ತು ವರ್ಷದ ಹುಡುಗಿ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು, ವಾಕರಿಕೆ. ಮಕ್ಕಳ ಡಾಕ್ಟರ್ ಪರೀಕ್ಷೆ ಮಾಡಿ, ದೇಹದಲ್ಲಿ ತೊಂದರೆ ಕಾಣುತ್ತಿಲ್ಲ ಎಂದಿದ್ದರು. "ರಜೆ ಇದ್ದರೆ ಚೆನ್ನಾಗೇ ಆಡ್ತಾಳೆ ಮೇಡಂ. ಇದು ನಾಟಕ ಅಲ್ವಾ?" ಎಂದರು ತಂದೆ.

ನಾಟಕವಲ್ಲ. ಹೆದರಿಕೆಯಾದಾಗ ಹೊಟ್ಟೆ ನಿಜವಾಗಿಯೂ ಕಿವುಚುತ್ತದೆ. ರಜೆಯ ದಿನ ಹೆದರಿಕೆ ಇಲ್ಲ, ಅದಕ್ಕೇ ನೋವೂ ಇಲ್ಲ.

ಶಾಲೆಗೆ ಹೋಗಲು ಅಳುವ ಮಕ್ಕಳು ಬಹಳ. ಹೊಸ ತರಗತಿ, ದೀರ್ಘ ರಜೆಯ ನಂತರದ ಮೊದಲ ದಿನಗಳು, ಪರೀಕ್ಷೆ ಇವೆಲ್ಲ ಕಷ್ಟವೇ. ಆದರೆ ಸಾಮಾನ್ಯವಾಗಿ ಅದು ಸ್ವಲ್ಪ ದಿನದಲ್ಲಿ ಇಳಿಯುತ್ತದೆ. ಈ ಮಗುವಿನ ಭಯ ಇಳಿಯುವ ಬದಲು ಹರಡುತ್ತಿತ್ತು. ಮೊದಲು ಸೋಮವಾರ ಮಾತ್ರ ಹಟ. ಆಮೇಲೆ ವಾರಪೂರ್ತಿ. ಆಮೇಲೆ ಗೆಳತಿಯ ಮನೆಗೂ ಹೋಗಲ್ಲ, ರಾತ್ರಿ ಒಬ್ಬಳೇ ಮಲಗಲ್ಲ. "ಅಮ್ಮಾ, ನಾನು ಶಾಲೆಯಲ್ಲಿದ್ದಾಗ ನಿನಗೇನಾದ್ರೂ ಆದ್ರೆ?" ಎಂದು ದಿನಕ್ಕೆ ಎಷ್ಟೋ ಸಲ ಕೇಳುತ್ತಿದ್ದಳಂತೆ. ಆ ಪ್ರಶ್ನೆ ಕೇಳಿದಾಗ ನನಗೆ ಅನಿಸಿದ್ದು, ಭಯ ಇರುವುದು ಪಾಠದ ಬಗ್ಗೆ ಅಲ್ಲ, ಅಮ್ಮನನ್ನು ಬಿಟ್ಟಿರುವುದರ ಬಗ್ಗೆ.

ಮಕ್ಕಳಲ್ಲಿ ಅಗಲಿಕೆಯ ಆತಂಕ ಕನಿಷ್ಠ 4 ವಾರ ಬಿಡದೆ ಇದ್ದು, ಓದು, ನಿದ್ದೆ, ಸ್ನೇಹಕ್ಕೆ ಅಡ್ಡಿಯಾದರೆ ತಜ್ಞರು ಅದನ್ನು ಕಾಯಿಲೆ ಎಂದು ಪರಿಗಣಿಸುತ್ತಾರೆ. ಇಲ್ಲಿ ಆ ಅವಧಿ ದಾಟಿ ಎಷ್ಟೋ ದಿನವಾಗಿತ್ತು. ಮಕ್ಕಳ ಮನೋವೈದ್ಯರ ಬಳಿ ಕಳಿಸಿದೆ. ಓದಲು ಬರೆಯಲು ತೊಡಕಿದೆಯೇ, ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂಬುದನ್ನೂ ನೋಡಿಸಲು ಹೇಳಿದೆ. ಇವೆರಡೂ ಆತಂಕದ ಹಿಂದೆ ಅಡಗಿರಬಹುದು. ಮಗು "ಬದುಕೋದೇ ಬೇಡ" ಎಂದರೆ ಅಥವಾ ತನಗೆ ತಾನೇ ನೋವು ಮಾಡಿಕೊಂಡರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬಾರದು, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ನಾನು ಎಲ್ಲ ಪೋಷಕರಿಗೂ ಒತ್ತಿ ಹೇಳುತ್ತೇನೆ.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡುವುದು? ತಂದೆ ಗದರುತ್ತಿದ್ದರು, ತಾಯಿ ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದರು. ಮನೆಯಲ್ಲಿ ಉಳಿದ ದಿನ ಮಗುವಿಗೆ ನಿರಾಳ, ಆದರೆ ಮರುದಿನ ಶಾಲೆ ಇನ್ನಷ್ಟು ಭಯಂಕರ. ಹಾಗಾಗಿ ಇಬ್ಬರೂ ಒಂದೇ ಮಾತು ಆಡಿ ಎಂದೆ: "ಹೆದರಿಕೆ ಆಗ್ತಿದೆ ಅಂತ ಗೊತ್ತು ಕಂದಾ. ಇವತ್ತು ಸ್ವಲ್ಪ ಹೊತ್ತಾದರೂ ಹೋಗೋಣ." ಚರ್ಚೆ ಬೆಳಿಗ್ಗೆ ಬೇಡ, ಸಂಜೆ ಇರಲಿ. ಗೇಟಿನಲ್ಲಿ ಚುಟುಕಾಗಿ ಬೀಳ್ಕೊಡಿ. ಮಗುವಿಗೆ ಇಷ್ಟವಾದ ಟೀಚರ್ ಬಂದು ಕೈ ಹಿಡಿದು ಒಳಗೆ ಕರೆದೊಯ್ಯಲಿ. ಮೊದಲು ಒಂದೆರಡು ಪೀರಿಯಡ್ ಸಾಕು.

ಮನೋವೈದ್ಯರ ತಪಾಸಣೆಯಲ್ಲಿ ಇದು ಅಗಲಿಕೆಯ ಆತಂಕವೇ ಎಂದು ಖಚಿತವಾಯಿತು. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸಲು ಕಲಿಸುವ ಚಿಕಿತ್ಸೆ ನಡೆಯುತ್ತಿದೆ. ಈಗ ಮಧ್ಯಾಹ್ನದ ಊಟದವರೆಗೆ ಶಾಲೆಯಲ್ಲಿರುತ್ತಾಳೆ. ಪೂರ್ತಿ ದಿನಕ್ಕೆ ಆತುರಪಡಿಸಬೇಡಿ ಎಂದು ತಂದೆಗೆ ಹೇಳಿದ್ದೇನೆ.