ಪಿಕಪ್ ಕ್ಯಾಬಿನ್ ಒಳಗೆ ಮಳೆ ನೀರು ಸೋರುತ್ತಿದೆ, ಟೇಪ್ ಹಚ್ಚಿದರೆ ನಿಲ್ಲುತ್ತದಾ?

ಮಲ್ಪೆಯಿಂದ ಮೀನು ಸಾಗಿಸುವ ಗಾಡಿ, ಡ್ರೈವರ್ ಕಾಲ ಬುಡದಲ್ಲಿ ನೀರು ನಿಲ್ಲುತ್ತದೆ ಎಂದಿದ್ದೀರಿ. ಟೇಪಿನಿಂದ ನಿಲ್ಲಿಸಬಹುದು. ಆದರೆ ಸೋರುವ ಜಾಗ ಮೊದಲು ಸಿಗಬೇಕು. ಕೆಳಗೆ ಕಾಣುವ ನೀರು ಹೆಚ್ಚಾಗಿ ಮುಂದಿನ ಗಾಜಿನ ರಬ್ಬರಿನಿಂದಲೋ ರೂಫಿನ ಜೋಡಣೆಯಿಂದಲೋ ತಗಡಿನ ಹಿಂದೆ ಇಳಿದು ಬಂದಿರುತ್ತದೆ.

ಒಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ, ಇನ್ನೊಬ್ಬರು ಪೈಪಿನಿಂದ ಸಣ್ಣಗೆ ನೀರು ಬಿಡಲಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲೆ ಹೋಗಿ. ಮೇಲಿನಿಂದಲೇ ಬಿಟ್ಟರೆ ಎಲ್ಲ ಕಡೆ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ವೈಪರ್ ಕೆಳಗಿನ ಜಾಲರಿಯಲ್ಲಿ ಎಲೆ ಕಟ್ಟಿಕೊಂಡಿದೆಯಾ ನೋಡಿ. ಎಷ್ಟೋ ಸಲ ಅದನ್ನು ತೆಗೆದರೆ ಸಾಕು, ಟೇಪೇ ಬೇಡ. ಮಳೆ ಇಲ್ಲದ ದಿನವೂ ನೀರಿದ್ದರೆ ಎಸಿಯ ಡ್ರೈನ್ ಪೈಪ್ ಕಟ್ಟಿರಬಹುದು.

ಮೇಲೆ ಅಲ್ಯೂಮಿನಿಯಂ ಪದರ, ಕೆಳಗೆ ರಬ್ಬರಿನಂಥ ಮೆತ್ತನೆ ಅಂಟು ಇರುವ ಬ್ಯೂಟೈಲ್ ಟೇಪ್ ತಗೊಳ್ಳಿ. ಸಾದಾ ಡಕ್ಟ್ ಟೇಪ್ ನಮ್ಮ ಬಿಸಿಲು ಮಳೆಗೆ ಬೇಗ ಎದ್ದು ಬರುತ್ತದೆ.

ನಿಮ್ಮ ಗಾಡಿಗೆ ದೊಡ್ಡ ಶತ್ರು ಉಪ್ಪು. ಮೀನಿನ ಐಸ್ ನೀರು, ಕಡಲ ಗಾಳಿ ಎರಡೂ ತಗಡನ್ನು ತಿನ್ನುತ್ತವೆ. ತುಕ್ಕಿನ ಮೇಲೆ ಹಚ್ಚಿದ ಟೇಪ್ ಆ ತುಕ್ಕಿನ ಸಮೇತ ಕಿತ್ತು ಬರುತ್ತದೆ. ಹಾಗಾಗಿ ಸಿಹಿ ನೀರಿನಲ್ಲಿ ತೊಳೆದು, ತುಕ್ಕು ಉಜ್ಜಿ ತೆಗೆದು, ಪ್ರೈಮರ್ ಹೊಡೆದು, ಪೂರ್ತಿ ಒಣಗಲು ಬಿಡಿ. ಆಮೇಲೆ ಜಿಡ್ಡು ಹೋಗಲು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಟೇಪನ್ನು ಎಳೆಯದೆ ಅಂಟಿಸಿ ಗಟ್ಟಿಯಾಗಿ ಒತ್ತಿ. ಸಂದು ತುಂಬಲು ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಮಾತ್ರ ಬೇಡ, ಅದರ ಆಮ್ಲದಿಂದ ತುಕ್ಕು ಜಾಸ್ತಿಯಾಗುತ್ತದೆ.

ಬಾಗಿಲಿನ ಅಡಿಯಲ್ಲಿರುವ ಸಣ್ಣ ತೂತುಗಳನ್ನು ಮುಚ್ಚಬೇಡಿ, ಅವು ನೀರು ಹೊರಹೋಗಲು ಇರುವುದು. ಈ ಕೆಲಸ ಮೇ ತಿಂಗಳಲ್ಲೇ ಮುಗಿಸಿ. ಜೂನ್ ಬಂದರೆ ತಗಡು ಒಣಗುವುದೇ ಕಷ್ಟ.