ಕಡತದ ಕೋಣೆಯ ಬೀಗದ ಕೈ

ಪ್ರಶ್ನೆ: ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಅಮೆರಿಕದ ಪ್ರೊಫೆಸರ್ ಜಾನ್ ಹೋಪ್ ಫ್ರಾಂಕ್ಲಿನ್ ಬಗ್ಗೆ ತಿಳಿದುಕೊಳ್ಳಿ ಎಂದು ನಮ್ಮ ಮೇಷ್ಟ್ರು ಹೇಳಿದರು. ಅವರು ಅಷ್ಟು ಮುಖ್ಯ ಯಾಕೆ?

ಉತ್ತರ: ನಿಮ್ಮ ಮೇಷ್ಟ್ರು ಒಳ್ಳೆಯ ಹೆಸರನ್ನೇ ಹೇಳಿದ್ದಾರೆ. ಫ್ರಾಂಕ್ಲಿನ್ ಹುಟ್ಟಿದ್ದು 1915ರಲ್ಲಿ, ಒಕ್ಲಹೋಮಾದಲ್ಲಿ ಕಪ್ಪು ಜನರೇ ಕಟ್ಟಿಕೊಂಡ ಒಂದು ಪುಟ್ಟ ಊರಲ್ಲಿ. ತಂದೆ ವಕೀಲರು. 1921ರಲ್ಲಿ ಟಲ್ಸಾದ ಕಪ್ಪು ಜನರ ಬಡಾವಣೆಗೆ ಬಿಳಿಯರ ಗುಂಪು ಬೆಂಕಿ ಇಟ್ಟ ಮೇಲೆ ಅವರು ಡೇರೆಯಲ್ಲಿ ಕೂತು ವಕೀಲಿ ನಡೆಸಿದರು.

ಮಗನಿಗೂ ವಕೀಲನಾಗುವ ಆಸೆಯಿತ್ತು. ಫಿಸ್ಕ್ ವಿಶ್ವವಿದ್ಯಾಲಯದಲ್ಲಿ ಥಿಯೊಡೋರ್ ಕರ್ರಿಯರ್ ಎಂಬ ಬಿಳಿಯ ಮೇಷ್ಟ್ರ ಪಾಠ ಕೇಳಿ ಮನಸ್ಸು ಇತಿಹಾಸಕ್ಕೆ ತಿರುಗಿತು. ಹಾರ್ವರ್ಡ್‌ಗೆ ಹೋಗಲು ದುಡ್ಡಿಲ್ಲದಾಗ ಆ ಮೇಷ್ಟ್ರೇ 500 ಡಾಲರ್ ಸಾಲ ತಂದು ಕೈಗಿಟ್ಟರು. ಇಂಥ ಗುರು ಸಿಗುವುದು ಪುಣ್ಯ ಅಲ್ವಾ?

ಪಿಎಚ್.ಡಿ.ಗಾಗಿ ಅವರು ಉತ್ತರ ಕೆರೊಲಿನಾದ ರಾಜ್ಯ ಪತ್ರಾಗಾರಕ್ಕೆ ಹೋದರು. ಕಪ್ಪು ಸಂಶೋಧಕನೊಬ್ಬ ಬರಬಹುದೆಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ. ಅವರಿಗೆಂದು ಬೇರೆ ಕೋಣೆ ಸಜ್ಜುಮಾಡಿದರು. ಬಿಳಿಯ ನೌಕರರು ಅವರಿಗೆ ಕಡತ ತಂದುಕೊಡುವುದು ಬೇಡ ಎಂದು ಕಡತದ ಕೋಣೆಯ ಬೀಗದ ಕೈಯನ್ನೇ ಕೊಟ್ಟುಬಿಟ್ಟರು. ಎರಡು ವಾರಕ್ಕೇ ಬಿಳಿಯ ಸಂಶೋಧಕರು ನಮಗೂ ಕೀ ಕೊಡಿ ಎಂದು ತಗಾದೆ ತೆಗೆದರು. ಕೀ ವಾಪಸ್ ಹೋಯಿತು. ಫ್ರಾಂಕ್ಲಿನ್ ಮಾತ್ರ ಕಾಗದಪತ್ರ ಬಿಟ್ಟು ಏಳಲಿಲ್ಲ. 1941ರಲ್ಲಿ ಪಿಎಚ್.ಡಿ. ಮುಗಿಸಿದರು.

ಅವರ 'ಫ್ರಮ್ ಸ್ಲೇವರಿ ಟು ಫ್ರೀಡಮ್' ಬಂದದ್ದು 1947ರಲ್ಲಿ. ಅಮೆರಿಕದ ಕಪ್ಪು ಜನರ ಇಡೀ ಚರಿತ್ರೆಯನ್ನು ದಾಖಲೆ ಹಿಡಿದು ಹೇಳಿದ ಪುಸ್ತಕ ಅದು. ಕಾಲೇಜುಗಳಲ್ಲಿ ದಶಕಗಳ ಕಾಲ ಪಠ್ಯವಾಯಿತು. ಶಾಲೆಗಳಲ್ಲಿ ಬಣ್ಣ ನೋಡಿ ಮಕ್ಕಳನ್ನು ಬೇರೆ ಮಾಡುವುದನ್ನು 1954ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆ ಮೊಕದ್ದಮೆಯ ವಕೀಲರಿಗೆ ಚರಿತ್ರೆಯ ಆಧಾರ ಒದಗಿಸಿದವರಲ್ಲಿ ಇವರೂ ಒಬ್ಬರು. ಇತಿಹಾಸ ಓದಿ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ.

1956ರಲ್ಲಿ ಬ್ರೂಕ್ಲಿನ್ ಕಾಲೇಜು ಅವರನ್ನು ಇತಿಹಾಸ ವಿಭಾಗದ ಮುಖ್ಯಸ್ಥರನ್ನಾಗಿ ಮಾಡಿತು. ಅದು ಪತ್ರಿಕೆಯ ಮುಖಪುಟದ ಸುದ್ದಿ. ಅಷ್ಟಾದರೂ ಕಾಲೇಜಿನ ಹತ್ತಿರ ಮನೆ ಕೊಳ್ಳಲು ಸಾಲ ಸಿಗದೆ ತುಂಬ ಅಲೆದರು. ಆಮೇಲೆ ಷಿಕಾಗೊ, ಕೊನೆಗೆ ಡ್ಯೂಕ್ ವಿಶ್ವವಿದ್ಯಾಲಯ. ಬಿಡುವಿದ್ದಾಗ ಆರ್ಕಿಡ್ ಬೆಳೆಸುತ್ತಿದ್ದರು. 2009ರಲ್ಲಿ ತೀರಿಕೊಂಡರು.

2005ರಲ್ಲಿ ಬಂದ ಅವರ ಆತ್ಮಕಥೆ 'ಮಿರರ್ ಟು ಅಮೆರಿಕ'. ಅದರಿಂದಲೇ ಓದು ಶುರು ಮಾಡಿ.