ಅಪ್ಪನ ಕೋವಿ, ಮಗಳ ಏರ್ ರೈಫಲ್, ಬ್ಯಾಗಿನ ತೋಟೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮಲೆನಾಡಿನ ಒಂದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಬಂದೂಕು ಲೈಸೆನ್ಸಿನ ಕಡತ ನೋಡಿಕೊಂಡು ನಿವೃತ್ತನಾದವನು ನಾನು. ಈ ತಿಂಗಳ ಪತ್ರಗಳಲ್ಲಿ ಜಾಸ್ತಿ ಪಾಲು ಕೋವಿಯದ್ದೇ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆ ಹೋದ ವರ್ಷ ತೀರಿಕೊಂಡರು. ಅವರ ಜೋಡಿ ನಳಿಗೆ ಕೋವಿ ಮನೆಯಲ್ಲೇ ಇದೆ. ಲೈಸೆನ್ಸ್ ಮುಗಿಯಲು ಇನ್ನೂ ಎರಡು ವರ್ಷ ಇದೆ. ಅಲ್ಲಿವರೆಗೆ ನಾವು ಇಟ್ಟುಕೊಳ್ಳಬಹುದಲ್ಲ? (ಕೊಪ್ಪ)

ಇಟ್ಟುಕೊಳ್ಳುವಂತಿಲ್ಲ. ಲೈಸೆನ್ಸ್ ಕೊಟ್ಟಿದ್ದು ನಿಮ್ಮ ತಂದೆಗೆ, ನಿಮ್ಮ ಮನೆಗೆ ಅಲ್ಲ. ಅವರು ತೀರಿಕೊಂಡ ದಿನವೇ ಅದರ ಕೆಲಸ ಮುಗಿಯಿತು. ಆಮೇಲೆ ಕೋವಿ ಯಾರ ಕೈಯಲ್ಲಿದೆಯೋ ಅವರು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡ ಹಾಗೆ. 1959ರ ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಅದನ್ನು ಠೇವಣಿ ಇಡಬೇಕು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಂಡರೆ 2019ರ ತಿದ್ದುಪಡಿ ಆದ ಮೇಲೆ ಎರಡರಿಂದ ಐದು ವರ್ಷ ಜೈಲು. ತಿಥಿ ಊಟದ ಗಡಿಬಿಡಿಯಲ್ಲಿ ಯಾರಿಗೂ ಇದು ನೆನಪಾಗುವುದಿಲ್ಲ, ನಿಜ. ಆದರೆ ಒಂದು ವರ್ಷ ಬಿಡೋದು ಜಾಸ್ತಿ ಆಯಿತು.

ನಾಳೆಯೇ ಹೋಗಿ. ಮರಣ ಪ್ರಮಾಣಪತ್ರ, ತಂದೆಯ ಲೈಸೆನ್ಸ್ ಪುಸ್ತಕ, ಕೋವಿ, ಉಳಿದ ತೋಟೆ (ಕೋವಿಯ ಗುಂಡು) ಎಲ್ಲ ಜೊತೆಗಿರಲಿ. ಹೊರಡುವ ಮೊದಲು ಠಾಣೆಗೆ ಫೋನ್ ಮಾಡಿ ವಿಷಯ ತಿಳಿಸಿ. ಕೋವಿ ಹೊತ್ತುಕೊಂಡು ಬಸ್ಸಿನಲ್ಲಿ ಹೋಗಬೇಡಿ. ನಂಬರ್ ಬರೆದ ರಶೀದಿ ಕೈಗೆ ಬರುವ ತನಕ ಅಲ್ಲಿಂದ ಏಳಬೇಡಿ. ರಶೀದಿಯ ನಂಬರನ್ನು ಕೋವಿಯ ಮೇಲಿನ ನಂಬರಿಗೆ ನೀವೇ ತಾಳೆ ನೋಡಿ. ಒಂದು ಅಂಕಿ ತಪ್ಪಿ ಮಕ್ಕಳು ವರ್ಷಗಟ್ಟಲೆ ಅಲೆದದ್ದನ್ನು ನಾನು ಕಂಡಿದ್ದೇನೆ.

ಆ ಕೋವಿ ನಿಮಗೇ ಬೇಕು ಅಂದರೆ ವಾರಸುದಾರರಾಗಿ ಹೊಸ ಲೈಸೆನ್ಸಿಗೆ ಅರ್ಜಿ ಹಾಕಿ. ಅಣ್ಣ ತಮ್ಮ, ಅಕ್ಕ ತಂಗಿ ಎಲ್ಲರ ಒಪ್ಪಿಗೆ ಪತ್ರ ಇರಲಿ. ಕಡತ ನಿಲ್ಲುವುದು ಹೆಚ್ಚಾಗಿ ಇಲ್ಲೇ. ತೋಟ ಪಾಲಾಗುವಾಗ ಮಾತು ಬಿಟ್ಟವರು ಕೋವಿಗೆ ಸಹಿ ಹಾಕುತ್ತಾರೆಯೇ? ನಿಮಗೆ ವಯಸ್ಸು 21 ಆಗಿರಬೇಕು. ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡು ಬಂದೂಕು ಇದ್ದರೆ ಮೂರನೆಯದು ಸಿಗದು. ಮೊದಲು ಮೂರರವರೆಗೆ ಇಟ್ಟುಕೊಳ್ಳಬಹುದಿತ್ತು, 2019ರಲ್ಲಿ ಅದನ್ನು ಎರಡಕ್ಕೆ ಇಳಿಸಿದರು. ಅಜ್ಜನ ಕಾಲದ್ದು, ನೆನಪಿಗೆ ಇಟ್ಟಿದ್ದು ಅಂದರೂ ಅದೇ ಲೆಕ್ಕ.

ಅಪ್ಪ ಇನ್ನೂ ಗಟ್ಟಿಮುಟ್ಟಾಗಿರುವವರಿಗೂ ಒಂದು ಮಾತು. 2016ರ ಆಯುಧ ನಿಯಮಗಳಲ್ಲಿ ಒಂದು ಒಳ್ಳೆಯ ಅವಕಾಶ ಇದೆ. ಲೈಸೆನ್ಸುದಾರರಿಗೆ 70 ತುಂಬಿದ್ದರೆ, ಅಥವಾ ಆ ಬಂದೂಕು ಅವರ ಬಳಿ 25 ವರ್ಷದಿಂದ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರು ಸೂಚಿಸಿ ವರ್ಗಾವಣೆ ಕೇಳಬಹುದು. ನನ್ನ ಮಟ್ಟಿಗೆ ಇದೇ ವಾಸಿ. ಅಪ್ಪನೇ ಕಚೇರಿಗೆ ಬಂದು ಸಹಿ ಹಾಕಿದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಪ್ರಶ್ನೆ: ಬೆಳೆ ಕಾಯಲು ನನ್ನ ಹೆಸರಿನಲ್ಲಿ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ತರದ್ದು) ಇದೆ. ನನಗೆ ಸೊಂಟ ನೋವು. ರಾತ್ರಿ ತಮ್ಮ ಅದನ್ನು ಗದ್ದೆಗೆ ಒಯ್ಯುತ್ತಾನೆ. ಹಂದಿ ಬಂದರೆ ಹೊಡೆಯಲೂಬಹುದಾ? (ಸಾಗರ)

ಎರಡಕ್ಕೂ ಇಲ್ಲ. ನೀವು ಪಕ್ಕದಲ್ಲೇ ಇದ್ದು ನಿಮಗಾಗಿ ತಮ್ಮ ಕೋವಿ ಹೊತ್ತರೆ ತೊಂದರೆ ಇಲ್ಲ. ರಿಪೇರಿಗೆ ಅಥವಾ ಲೈಸೆನ್ಸ್ ನವೀಕರಣಕ್ಕೆ ನಿಮ್ಮ ಬರಹದ ಒಪ್ಪಿಗೆ ಹಿಡಿದು ಒಯ್ದರೂ ಸರಿ. ನೀವು ಮನೆಯಲ್ಲಿ ಮಲಗಿ ಅವನೊಬ್ಬನೇ ಗದ್ದೆಗೆ ಹೋದರೆ ಅವನ ಮೇಲೂ ಕೇಸು, ನಿಮ್ಮ ಮೇಲೂ ಕೇಸು. ತಮ್ಮನ ಹೆಸರಿನಲ್ಲೇ ಬೇರೆ ಅರ್ಜಿ ಹಾಕಿಸಿ.

ಇನ್ನು ಹಂದಿ. ಕೋವಿಯ ಲೈಸೆನ್ಸ್ ಅಂದರೆ ಬೇಟೆಯ ಪರವಾನಗಿ ಅಲ್ಲ. ಕಾಡುಹಂದಿ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲಿದೆ. ಹೊಡೆಯಬೇಕಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಮೊದಲು ಕೈಯಲ್ಲಿರಬೇಕು. ಅನುಮತಿ ಇಲ್ಲದೆ ಹೊಡೆದರೆ ಕೋವಿಯೂ ಹೋಯಿತು, ಲೈಸೆನ್ಸೂ ಹೋಯಿತು.

ಪ್ರಶ್ನೆ: ಪ್ರತಿ ಚುನಾವಣೆಗೂ ಕೋವಿ ಠಾಣೆಗೆ ಕೊಡಿ ಅನ್ನುತ್ತಾರೆ. ಅಷ್ಟರಲ್ಲಿ ಮಂಗ ತೋಟ ಮುಗಿಸಿರುತ್ತವೆ. ಕೊಡಲೇಬೇಕಾ? (ಬೆಳ್ತಂಗಡಿ)

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಲ್ಲರಿಂದಲೂ ಕಣ್ಣುಮುಚ್ಚಿ ಕೋವಿ ಇಳಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಹೇಳಿಲ್ಲ. ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿ ಒಬ್ಬೊಬ್ಬರದ್ದನ್ನೂ ನೋಡಿ ತೀರ್ಮಾನಿಸಬೇಕು. ಜಾಮೀನಿನ ಮೇಲೆ ಹೊರಗಿರುವವರು, ಗಲಾಟೆ ಕೇಸಿನವರು, ಇಂಥವರೇ ಅದರ ಗುರಿ. ಹಾಗಾಗಿ ದಿನಾಂಕ ಪ್ರಕಟವಾದ ಕೂಡಲೇ ಜಿಲ್ಲಾಧಿಕಾರಿಗೆ ವಿನಾಯಿತಿ ಅರ್ಜಿ ಕೊಡಿ. ಪಹಣಿ, ಬೆಳೆ ಹಾನಿಯ ಫೋಟೋ, ನಿಮ್ಮ ಮೇಲೆ ಕೇಸಿಲ್ಲ ಎಂಬ ಒಂದು ಸಾಲು ಅದರಲ್ಲಿರಲಿ. ನೋಟಿಸ್ ಬಂದ ಮೇಲೆ ಜಗಳಕ್ಕೆ ಹೋಗೋದಕ್ಕಿಂತ ಇದು ಮೇಲು. ಅರ್ಜಿ ತಿರಸ್ಕಾರವಾದರೆ ಕೋವಿ ಕೊಟ್ಟುಬಿಡಿ, ರಶೀದಿ ಪಡೆಯಿರಿ. ಫಲಿತಾಂಶ ಬಂದು ಒಂದು ವಾರ ಕಳೆದರೆ ವಾಪಸ್ ಕೇಳುವ ಹಕ್ಕು ನಿಮ್ಮದು. ಅವರಾಗಿ ಕರೆದು ಕೊಡುತ್ತಾರೆ ಎಂದು ಸುಮ್ನೆ ಕೂರಬೇಡಿ.

ಪ್ರಶ್ನೆ: ಪ್ಯಾರಿಸ್‌ನಲ್ಲಿ ಮನು ಭಾಕರ್ ಪದಕ ಗೆದ್ದಾಗಿನಿಂದ 13 ವರ್ಷದ ಮಗಳಿಗೆ ಶೂಟಿಂಗ್ ಹುಚ್ಚು. ಇಷ್ಟು ಚಿಕ್ಕವಳು ರೇಂಜಿಗೆ ಹೋಗಬಹುದಾ? (ಮೈಸೂರು)

ಧಾರಾಳವಾಗಿ ಹೋಗಲಿ. ಲೈಸೆನ್ಸಿಗೆ 21 ಆಗಬೇಕು, ಆದರೆ ಗುರಿ ಅಭ್ಯಾಸಕ್ಕೆ 12 ತುಂಬಿದ್ದರೆ ತರಬೇತುದಾರರ ಕಣ್ಣೆದುರಲ್ಲಿ ನಿಯಮ ಒಪ್ಪುತ್ತದೆ. ಮನು ಭಾಕರ್ 2024ರಲ್ಲಿ ಪದಕ ಗೆದ್ದದ್ದೂ, ಅಭಿನವ್ ಬಿಂದ್ರಾ 2008ರಲ್ಲಿ ಚಿನ್ನ ಗೆದ್ದದ್ದೂ 10 ಮೀಟರ್ ಏರ್ ಪಿಸ್ತೂಲು, ಏರ್ ರೈಫಲ್ಲಿನಲ್ಲಿ. ಅದರ ಗುಂಡು 4.5 ಮಿಲಿಮೀಟರ್. ಅಳತೆ ಅದಕ್ಕಿಂತ ದೊಡ್ಡದಾದರೆ, ಅಥವಾ ಶಕ್ತಿ 20 ಜೂಲ್ ದಾಟಿದರೆ ಮಾತ್ರ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಅಂಗಡಿಯವನು ‘ಎಲ್ಲಾ ಏರ್‌ಗನ್ನೂ ಫ್ರೀ ಸಾರ್’ ಅಂದರೆ ನಂಬಬೇಡಿ. ಬಿಲ್ಲಿನಲ್ಲಿ ಅಳತೆ ಮತ್ತು ಜೂಲ್ ಎರಡನ್ನೂ ಬರೆಸಿ.

ಮೊದಲು ಆರು ತಿಂಗಳು ಕ್ಲಬ್ಬಿನ ರೈಫಲ್ಲಿನಲ್ಲೇ ಕಲಿಯಲಿ. ಕೊಳ್ಳುವ ಆತುರ ಸಾಮಾನ್ಯವಾಗಿ ಅಪ್ಪಂದಿರದ್ದು. ಕೊಂಡ ಮೇಲೆ ಪೆಟ್ಟಿಗೆಯಲ್ಲಿಟ್ಟೇ ಒಯ್ಯಿರಿ. ಅಪಾರ್ಟ್‌ಮೆಂಟ್ ಟೆರೇಸಿನಲ್ಲಿ ಅಭ್ಯಾಸ ಬೇಡ. ಪಾರಿವಾಳಕ್ಕೋ ಗಿಳಿಗೋ ಗುರಿ ಇಟ್ಟರೆ ಲೈಸೆನ್ಸ್ ಬೇಡದ ಏರ್‌ಗನ್ನಿಗೂ ವನ್ಯಜೀವಿ ಕಾಯ್ದೆಯ ಕೇಸು ಬೀಳುತ್ತದೆ.

ಪ್ರಶ್ನೆ: ರೇಂಜಿನಿಂದ ಬಂದ ಬ್ಯಾಗನ್ನೇ ತೆಗೆದುಕೊಂಡು ವಿಮಾನ ನಿಲ್ದಾಣಕ್ಕೆ ಹೋದೆ. ಸೈಡ್ ಜೇಬಿನಲ್ಲಿ ಒಂದು ಪಾಯಿಂಟ್ 22 ತೋಟೆ ಸಿಕ್ಕಿತು. ಕೇಸು ಹಾಕಿದ್ದಾರೆ. ನನಗೆ ಗೊತ್ತೇ ಇರಲಿಲ್ಲ. (ಬೆಂಗಳೂರು)

ಬಂದೂಕಿಲ್ಲದೆ ಬರೀ ಒಂದು ತೋಟೆ ಇದ್ದರೂ ಕಾಯ್ದೆಗೆ ಸಾಕು. ಆದರೆ ಧೈರ್ಯವಾಗಿರಿ. ‘ಇಟ್ಟುಕೊಂಡಿದ್ದರು’ ಅನ್ನಬೇಕಾದರೆ ಆ ವಸ್ತು ತನ್ನ ಬಳಿ ಇದೆ ಎಂಬ ಅರಿವು ಇರಬೇಕು ಎಂದು ಸುಪ್ರೀಂ ಕೋರ್ಟ್ 1972ರಲ್ಲೇ ಹೇಳಿದೆ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ತೋಟೆಯ ಎಷ್ಟೋ ಕೇಸುಗಳನ್ನು ಹೈಕೋರ್ಟುಗಳು ಇದೇ ಆಧಾರದ ಮೇಲೆ ರದ್ದು ಮಾಡಿವೆ. ಕ್ಲಬ್ಬಿನ ಸದಸ್ಯತ್ವ, ಆ ದಿನದ ರೇಂಜ್ ರಿಜಿಸ್ಟರಿನ ನಕಲು, ತೋಟೆ ಕೊಟ್ಟ ಲೆಕ್ಕ ಇವನ್ನು ವಕೀಲರ ಕೈಗೆ ಕೊಡಿ. ವಿಚಾರಣೆಯಲ್ಲಿ ಕತೆ ಕಟ್ಟಬೇಡಿ. ‘ಯಾರೋ ಹಾಕಿರಬೇಕು’ ಅಂದವರಿಗೇ ಕಷ್ಟ ಜಾಸ್ತಿ.

ಉಳಿದವರಿಗೆ ಹೇಳೋದು ಇಷ್ಟೇ: ರೇಂಜಿಗೆ ಬೇರೆ ಬ್ಯಾಗ್, ಪ್ರಯಾಣಕ್ಕೆ ಬೇರೆ ಬ್ಯಾಗ್. ಉಳಿದ ತೋಟೆ ಎಣಿಸಿ ಅಲ್ಲೇ ವಾಪಸ್ ಕೊಡಿ. ನೆನಪಿಗೆಂದು ಒಂದು ಮನೆಗೆ ತರುವ ಚಟ ಬೇಡವೇ ಬೇಡ.

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ಡಲ್ಲಾಸ್‌ನಲ್ಲಿದ್ದೇನೆ. ಗೆಳೆಯರೆಲ್ಲ ವಾರಾಂತ್ಯಕ್ಕೆ ಗನ್ ರೇಂಜಿಗೆ ಹೋಗುತ್ತಾರೆ. ಬಾಡಿಗೆ ಗನ್ ಅಲ್ವಾ, ನಾನು ಕೊಳ್ಳುತ್ತಿಲ್ಲ. ತಪ್ಪೇನು?

ತಪ್ಪಿದೆ. ಟೆಕ್ಸಾಸ್ ಎಷ್ಟೇ ಸಡಿಲ ಇರಲಿ, ಇದು ಅಮೆರಿಕದ ಕೇಂದ್ರ ಕಾನೂನು. ಎಚ್-1ಬಿ, ಎಚ್-4, ಎಫ್-1 ತರದ ತಾತ್ಕಾಲಿಕ ವೀಸಾದವರು ಗನ್ ಅಥವಾ ಗುಂಡು ಹೊಂದುವಂತಿಲ್ಲ. ರೇಂಜಿನಲ್ಲಿ ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿಯುವುದೂ ‘ಹೊಂದಿದ’ ಲೆಕ್ಕವೇ. ಶಿಕ್ಷೆ 15 ವರ್ಷದವರೆಗೆ. ಗಡೀಪಾರಿನ ಭಯ ಬೇರೆ.

ಇದಕ್ಕೆ ವಿನಾಯಿತಿ ಉಂಟು. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ನಿಮ್ಮ ಹೆಸರಿನಲ್ಲಿದ್ದರೆ ಈ ತಡೆ ಇಲ್ಲ. ಬೇಟೆಗೆ ಹೋಗದವರೂ ಅದನ್ನು ಮಾಡಿಸಿಕೊಂಡು ರೇಂಜಿಗೆ ಹೋಗುವುದು ಇದಕ್ಕೇ. ಗ್ರೀನ್ ಕಾರ್ಡ್ ಬಂದವರಿಗೆ ಈ ಗೊಡವೆ ಇಲ್ಲ. ಕೌಂಟರಿನ ಹುಡುಗ ವೀಸಾ ಕೇಳಲಿಲ್ಲ ಅನ್ನುವುದು ನಿಮ್ಮನ್ನು ಕಾಪಾಡದು. ಹೋಗುವ ಮೊದಲು ನಿಮ್ಮ ವೀಸಾ ವಕೀಲರಿಗೆ ಒಂದು ಮೇಲ್ ಹಾಕಿ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ಕಾಫಿ ತೋಟ ಕೊಂಡಿದ್ದೇನೆ. ಕೊಡಗಿನಲ್ಲಿ ಕೋವಿಗೆ ಲೈಸೆನ್ಸ್ ಬೇಡವಂತೆ, ನಿಜವೇ? (ಹಾಸನ)

ನಿಮಗೆ ಬೇಕು. ವಿನಾಯಿತಿ ಇರುವುದು ಕೊಡವರಿಗೆ ಮತ್ತು ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ. ತೋಟ ಕೊಂಡ ಮಾತ್ರಕ್ಕೆ ಅದು ಬರುವುದಿಲ್ಲ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಎಂಬ ಆಯುಧ ಹಬ್ಬಕ್ಕೆ ಕೋವಿ ಪೂಜೆ ಮಾಡುವ ಜನ ಕೊಡವರು. ಅವರ ಮನೆಯ ಕೋವಿಯನ್ನು ನೀವು ಎರವಲು ತಂದರೆ ಇಬ್ಬರಿಗೂ ತೊಂದರೆ.

ಪ್ರಶ್ನೆ: ಮದುವೆ ದಿಬ್ಬಣದಲ್ಲಿ ಗಾಳಿಗೆ ಎರಡು ಗುಂಡು ಹಾರಿಸಬಹುದಾ? ಲೈಸೆನ್ಸ್ ಇದೆ. (ಶಿರಸಿ)

ಬೇಡ. ಜನರ ಜೀವಕ್ಕೆ ಅಪಾಯ ಆಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಪಟಾಕಿ ತನ್ನಿ.